ದೊಡ್ಡ ಬಿಳಿ ಚುಕ್ಕೆ

ಡನೀಡಿನ್
ಜುಲೈ ೧೧

ರೆವಿಗೆ,

‘ಪ್ರೀತಿಯ’ ಎಂದು ಶುರು ಮಾಡಲು ಹೋದೆ, ಕೈ ಬರಲಿಲ್ಲ. ಫೋನ್ ಮಾಡಬಹುದಿತ್ತು. ಮಾಡಿದರೆ ನೀನು ಏನಾದರೂ ಹೇಳಿ ನಗಿಸಿಬಿಡುತ್ತೀಯ, ಬೇರೆಯಾಗಿ ಇಷ್ಟು ವರ್ಷವಾದರೂ ಆ ಕೆಟ್ಟ ಗುಣ ನಿನ್ನನ್ನು ಬಿಟ್ಟಿಲ್ಲ. ಇವತ್ತು ನನಗೆ ನಗುವುದು ಬೇಡ.

ತಲಿಯಾ ನಿನಗೆ ಗೊತ್ತಿಲ್ಲ. ನನ್ನ ಬಳಿ ಪಿಎಚ್‌.ಡಿ. ಮಾಡುತ್ತಿರುವ ಸಮೋವಾದ ಹುಡುಗಿ, ಬಾಯಿ ಜೋರು, ಕೈ ಚುರುಕು. ನನಗೆ ಬಹುಮಾನ ತಂದುಕೊಟ್ಟ ಆ ಯೀಸ್ಟ್ ತಳಿಯ ಮೇಲೇ ಅವಳ ಪ್ರಬಂಧ ನಿಂತಿದೆ. ಮುಂದಿನ ತಿಂಗಳು ಒಪ್ಪಿಸಬೇಕು. ಪದವಿ ಸಿಗುವುದನ್ನು ನೋಡಲು ಅವಳ ಊರು ಅಪಿಯಾದಿಂದ ಇಡೀ ಮನೆ ಹೊರಟು ನಿಂತಿದೆ. ಹೋದ ತಿಂಗಳು ಅವಳು ಆ ತಳಿಯ ಡಿಎನ್‌ಎಯನ್ನು ಪೂರ್ತಿ ಓದಿಸಿದಳು. ನನ್ನ ಬಾಗಿಲಲ್ಲಿ ನಿಂತು, “ಐಲ್ಸಾ, ಇಲ್ಲೊಂದು ಕ್ರೋಮೋಸೋಮ್ ಜಾಸ್ತಿ ಇದೆ. ಕರೀದೆ ಬಂದ ನೆಂಟನ ಥರ ಕೂತಿದೆ, ನೋಡಿ” ಅಂದಳು. ನಾನು ನಕ್ಕೆ. ಏನೋ ಕಲಬೆರಕೆ ಇರಬೇಕು, ಇನ್ನೊಮ್ಮೆ ಓದಿಸು ಅಂದೆ. ಇನ್ನೊಮ್ಮೆಯೂ ಅದೇ ಬಂತು.

ಒಂದು ಪುಟ್ಟ ಉಂಗುರ, ರೆವಿ! ಹಿಸ್ಟೋನ್ ಜೀನುಗಳ ಒಂದು ಜೋಡಿಯನ್ನು ನಾನು ಕಿತ್ತುಹಾಕಿದ್ದೆನಲ್ಲ, ಉಳಿದ ಜೋಡಿಯನ್ನೇ ಆ ಜೀವಕೋಶಗಳು ನಕಲು ಮಾಡಿ ಉಂಗುರವಾಗಿ ಇಟ್ಟುಕೊಂಡಿವೆ. ನಿಮ್ಮಮ್ಮನಿಗೆ ನೀನು ಹೇಳುತ್ತಿದ್ದೆ: “ಕ್ರೋಮೋಸೋಮ್ ಅಂದ್ರೆ ದಾರ ಅಮ್ಮಾ, ಹಿಸ್ಟೋನ್ ಅಂದ್ರೆ ದಾರ ಸುತ್ತೋ ರೀಲು. ರೀಲು ಕಮ್ಮಿಯಾದ್ರೆ ದಾರ ಸಿಕ್ಕಾಗುತ್ತೆ, ಕೋಶ ಎರಡಾಗುವಾಗ ಕಳೆದೇ ಹೋಗುತ್ತೆ.” ನನ್ನ ಕೋಶಗಳಲ್ಲಿ ಮಾತ್ರ ಏನೂ ಕಳೆದುಹೋಗಲಿಲ್ಲ. ಕಳೆದಿದ್ದರೆ, ತಟ್ಟೆಯಲ್ಲಿ ಕೋಶಗಳು ಗುಂಪುಗುಂಪಾಗಿ ಬೆಳೆದ ಬಿಳಿ ಚುಕ್ಕೆಗಳಲ್ಲಿ ಕೆಂಪು ಪಟ್ಟೆ ಬೀಳಬೇಕಿತ್ತು. ನನ್ನವು ಹಾಲಿನ ಹಾಗೆ ಬಿಳಿ. ಅರ್ಧ ಹಿಸ್ಟೋನ್ ಇದ್ದರೂ ಸಾಕು ಅಂತ ನಾನು ಊರೆಲ್ಲ ಸಾರಿಕೊಂಡು ಬಂದೆ. ಈಗ ನೋಡಿದರೆ ಅವುಗಳಿಗೆ ಕೊರತೆಯೇ ಇರಲಿಲ್ಲ.

ಎಲ್ಲರೂ ತಟ್ಟೆಯಿಂದ ದೊಡ್ಡ ಚುಕ್ಕೆಯನ್ನೇ ಎತ್ತಿ ಬೆಳೆಸುತ್ತಾರೆ, ನಮ್ಮ ಕಸುಬಿನವರ ಕೈಗೆ ಅಂಟಿದ ಅಭ್ಯಾಸ ಅದು. ಅದಕ್ಕೇ ನಾನು ಆ ತಟ್ಟೆಗಳ ಮೇಲೆಲ್ಲ ‘ಸಣ್ಣದನ್ನೇ ಎತ್ತಿ’ ಎಂದು ಬರೆದಿಡುತ್ತಿದ್ದೆ. ಕೊರತೆಯಲ್ಲಿ ಒದ್ದಾಡುವವು ಸಣ್ಣವು. ದಿಢೀರನೆ ದಪ್ಪಗಾದದ್ದು ಒಳಗೊಳಗೇ ಏನೋ ದಾರಿ ಮಾಡಿಕೊಂಡಿದೆ ಅಂತಲೇ ಅರ್ಥ. ಇದು ನಿನಗೆ ನನ್ನಷ್ಟೇ ಚೆನ್ನಾಗಿ ಗೊತ್ತಿತ್ತು.

ನಿನ್ನೆ ಗ್ವೆಂಡಾ ಹತ್ತಿರ ತಲೆ ಚಚ್ಚಿಕೊಂಡೆ. ಅದೇ ಗ್ವೆಂಡಾ, ಲ್ಯಾಬಿನಲ್ಲಿ ನಮ್ಮಿಬ್ಬರಿಗೂ ತಟ್ಟೆ ಸಿದ್ಧಮಾಡಿ ಕೊಡುತ್ತಿದ್ದವಳು. ಅವಳು ಚಹಾದಲ್ಲಿ ಬಿಸ್ಕತ್ತು ಅದ್ದುತ್ತಾ, “ಅಯ್ಯೋ, ರೆವಿ ತಟ್ಟೆ ಬದಲಾಯಿಸಿದ್ದು ನಿಂಗೆ ಗೊತ್ತಿಲ್ವೇನೇ? ನೀನು ಆಸ್ಪತ್ರೇಲಿದ್ದೆ. ‘ಪಾಪ, ಮಗೂನ ಕಳ್ಕೊಂಡು ಬರ್ತಾಳೆ, ಇವೂ ಬೆಳೆದಿಲ್ಲ ಅಂತ ಅಳೋದು ಬೇಡ’ ಅಂತ ದೊಡ್ಡದೊಂದನ್ನ ಎತ್ತಿ ಬೆಳೆಸ್ದ. ಎಂಥಾ ಗಂಡ ಸಿಕ್ಕಿದಾನೆ ಇವ್ಳಿಗೆ ಅಂತ ನಾನು ಹೊಟ್ಟೆ ಉರ್ಕೊಂಡಿದ್ದೆ ಕಣೇ!” ಅಂದಳು.

ಆಸ್ಪತ್ರೆಯಿಂದ ಬಂದವಳು ಆ ತಟ್ಟೆ ತೆರೆದು, ಇವಾದರೂ ಬದುಕಿಕೊಂಡವಲ್ಲ ಎಂದು ನಿನ್ನ ಹೆಗಲ ಮೇಲೆ ಬಿದ್ದು ಅತ್ತಿದ್ದೆ. ನೀನು ಬೆನ್ನು ಸವರಿದೆ, ಬಾಯಿ ಬಿಡಲಿಲ್ಲ. ಲೇಖನ ಅಚ್ಚಾಯಿತು, ಬಹುಮಾನ ಬಂತು, ಆಗಲೂ ಬಿಡಲಿಲ್ಲ. ಮನೆ ಬಿಟ್ಟು ಹೊರಟ ದಿನ ನೀನು ಹೇಳಿದ್ದು ಒಂದೇ ಮಾತು, “ನಿನ್ನ ಮುಖ ನೋಡೋಕೆ ಆಗ್ತಿಲ್ಲ ನಂಗೆ.” ಮಗುವನ್ನು ಉಳಿಸಿಕೊಳ್ಳಲಾರದವಳು ಅಂತ ನೀನು ನನ್ನನ್ನು ಹಳಿಯುತ್ತಿದ್ದೀಯ ಅಂದುಕೊಂಡೆ. ಇಷ್ಟು ವರ್ಷ ಹಾಗೇ ಅಂದುಕೊಂಡು ಬದುಕಿದೆ, ರೆವಿ. ನಿನಗೆ ಅಳುಕಿದ್ದದ್ದು ತಟ್ಟೆಯ ವಿಷಯಕ್ಕಾ?

ತಲಿಯಾಗೆ ಎಲ್ಲ ಹೇಳಿದೆ. ಕೂಗಾಡುತ್ತಾಳೆ ಅಂದುಕೊಂಡಿದ್ದೆ, ಕೂಗಾಡಲಿಲ್ಲ. “ಹಾಗಾದ್ರೆ ನಾನು ಬರೆದಿದ್ದೆಲ್ಲ ಬೇರೆ ಯಾವುದೋ ಯೀಸ್ಟಿನ ಕಥೆ” ಅಂದು, ಟಿಕೆಟ್ ರದ್ದು ಮಾಡಿಸಿ ಅಂತ ಅಮ್ಮನಿಗೆ ಹೇಳಲು ಹೊರಗೆ ಹೋದಳು. ಕಿಟಕಿಯಿಂದ ಅವಳ ಬೆನ್ನು ನೋಡುತ್ತಾ ಕೂತೆ. ನಿನ್ನ ಮೇಲೆ ಇಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ.

ಲೇಖನವನ್ನು ವಾಪಸು ತೆಗೆದುಕೊಳ್ಳುತ್ತಿದ್ದೇನೆ. ನೀನು ಕ್ಷಮೆ ಗಿಮೆ ಅಂತ ಏನೂ ಬರೆಯಬೇಡ.

ಇಂತಿ,
ಐಲ್ಸಾ

ತಾ.ಕ.: ತಳಿ ಹೇಗೆ ಬದಲಾಯಿತು ಎಂದು, ಲೇಖನ ಅಚ್ಚುಮಾಡಿದ ಪತ್ರಿಕೆಯವರಿಗೆ ಬರೆಯಬೇಕಾದ ಕಡೆ ನಿನ್ನ ಹೆಸರು ಬರೆದೆ. ಪಾಪ ಅನ್ನಿಸಿತು, ಅಳಿಸಿ ‘ತಪ್ಪು ನನ್ನದೇ’ ಎಂದು ಬರೆದೆ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ನೀನೂ ಹೀಗೇ ಪಾಪ ಅಂತಲೇ ಶುರು ಮಾಡಿದ್ದು ಎಂದು ಬೆಚ್ಚಿಬಿದ್ದು ಅದನ್ನೂ ಅಳಿಸಿದೆ. ಆ ಸಾಲನ್ನು ನೀನೇ ಬರೆದು, ಸಹಿ ಹಾಕಿ ಕಳಿಸು. ತಲಿಯಾ ಮೇಲೆ ಯಾರೂ ಬೆರಳು ತೋರಿಸಬಾರದು. ಆದರೆ ಕಳಿಸಿದ ಮೇಲೆ ಒಂದು ಸಲ ಬಂದು ಹೋಗು. ಮಗು ಹೋದದ್ದಕ್ಕೆ ನಾವಿಬ್ಬರೂ ಇನ್ನೂ ಒಟ್ಟಿಗೆ ಕೂತು ಅತ್ತಿಲ್ಲ.