ನಿಮ್ಮವ್ವನ ಎಡಗೈ

ಅಜ್ಜಂಪುರ
ಗುರುವಾರ, ೨೩-೨-೧೯೮೪

ಚಿ. ಸೌ. ಮಲ್ಲಿಕಾಂಬಳಿಗೆ ನಿಮ್ಮಪ್ಪ ದೇವೀರಪ್ಪನ ಆಶೀರ್ವಾದ.

ಮಲ್ಲೀ, ನೀನು, ಅಳಿಯಂದಿರು, ಪಾಪು ಚೆನ್ನಾಗಿದ್ದೀರಾ? ಪಾಪುವಿಗೆ ಹಲ್ಲು ಬಂತೇ? ಅಳಿಯಂದಿರ ಸೊಂಟದ ನೋವು ಹೇಗಿದೆ? ರೈಲ್ವೆ ವರ್ಕ್‌ಶಾಪಿನಲ್ಲಿ ಭಾರ ಎತ್ತಬೇಡಿ ಅಂತ ಹೇಳು. ಕೇಳುವ ಜನ ಅಲ್ಲ, ಆದರೂ ಹೇಳು. ಈ ಕಡೆ ಎಲ್ಲ ಕ್ಷೇಮ ಅಂತ ಬರೆಯುವುದು ವಾಡಿಕೆ. ನಾನು ಬರೆಯುವುದಿಲ್ಲ. ಕ್ಷೇಮ ಇಲ್ಲ. ನಾನು ಮೂರನೇ ಕ್ಲಾಸಿಗೇ ಸ್ಲೇಟು ಒಡೆದು ಮನೆಗೆ ಬಂದವನು, ಅಕ್ಷರ ಸೊಟ್ಟಗಿದ್ದರೆ ತಿದ್ದಿಕೊಂಡು ಓದು. ನಿಂತುಕೊಂಡು ಓದಬೇಡ, ಕೂತುಕೋ.

ನಿಮ್ಮವ್ವನ ವಿಷಯ. ಹೋದ ವರ್ಷ ಕಣದಲ್ಲಿ ರಾಗಿ ತೂರುವಾಗ ಅವಳ ಕೊರಳಿನ ಶಿವದಾರ ಹರಿದು ಲಿಂಗ ರಾಶಿಯೊಳಗೆ ಬಿದ್ದದ್ದು ನಿನಗೆ ಗೊತ್ತು. ರಾಶಿಯನ್ನೆಲ್ಲ ಜರಡಿ ಹಿಡಿದು ಹುಡುಕಿದೆವು, ಹೊತ್ತು ಮುಳುಗುವುದರೊಳಗೆ ಸಿಕ್ಕಿತು. ನಮ್ಮ ಅಯ್ಯನವರು ಬಂದು ಹೊಸ ದಾರ ಹಾಕಿ, ಕಟ್ಟಿ, “ಏನೂ ಆಗಿಲ್ಲ ತಾಯಿ, ಹೋಗಿ ಉಣ್ಣು” ಎಂದರು. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ. ಅವತ್ತಿನಿಂದ ಅವಳ ಲಿಂಗಪೂಜೆ ಉದ್ದವಾಗುತ್ತಾ ಹೋಯಿತು. ಮೊದಲು ಹಾಲು ಕರೆಯುವ ಹೊತ್ತಿಗೆ ಮುಗಿಸಿ ರೊಟ್ಟಿ ತಟ್ಟುತ್ತಿದ್ದವಳು, ಆಮೇಲೆ ದನ ಹೊರಗೆ ಹೋದರೂ ಏಳಲಿಲ್ಲ, ಆಮೇಲೆ ನಾನು ಹೊಲದಿಂದ ಬಂದರೂ ಏಳಲಿಲ್ಲ. ಎಡಗೈ ಮೇಲೆ ಲಿಂಗ ಇಟ್ಟುಕೊಂಡು ಪತ್ರೆ ಇಟ್ಟ ಮೇಲೆ ಆ ಕೈ ಅಲುಗಿತು ಅನ್ನಿಸಿದರೆ ಎದ್ದು ಹೋಗಿ ಮತ್ತೆ ತಲೆಗೆ ಸ್ನಾನ, ಮತ್ತೆ ಮೊದಲಿಂದ. ನೊಣ ಹಾರಿದರೆ ಮತ್ತೆ ಸ್ನಾನ. ಮಂತ್ರ ನಡುವೆ ತಪ್ಪಿತೇನೋ ಅನ್ನಿಸಿದರೂ ಸ್ನಾನ. ಗೌರಿಹಬ್ಬಕ್ಕೆ ಬಂದಾಗ ನೀನು ಅವಳ ಕೈ ಬಿರುಕು ಬಿಟ್ಟದ್ದನ್ನು ನೋಡಿ ಕೇಳಿದೆ, ನೆನಪಿದೆಯಾ? ಸೋಪು ಸರಿಯಿಲ್ಲ ಅಂತ ನಾನು ಅಂದೆ. ಸೋಪು ಸರಿಯಾಗಿಯೇ ಇತ್ತು.

ಪೂಜೆ ಆಗದೆ ನಮ್ಮಲ್ಲಿ ಯಾರೂ ಬಾಯಿಗೆ ನೀರು ಬಿಡುವುದಿಲ್ಲವಲ್ಲ, ಅದರಿಂದ ಪೂಜೆ ಉದ್ದವಾದ ಹಾಗೆಲ್ಲ ಅವಳ ಊಟ ಗಿಡ್ಡವಾಯಿತು. ಅದನ್ನು ಕಂಡು ನಾವು ಹೆದರಬೇಕಿತ್ತು. ಬದಲಿಗೆ ಇಡೀ ಬೀದಿ ಕೈ ಮುಗಿಯಿತು. ಪಕ್ಕದ ಮನೆ ತಿಮ್ಮಕ್ಕ ಮೊಮ್ಮಗನಿಗೆ ಜ್ವರ ಬಂದಾಗ ಡಾಕ್ಟರ ಹತ್ತಿರ ಹೋಗದೆ ನಿಮ್ಮವ್ವನ ಕೈಯ ವಿಭೂತಿಗೆ ಬಂದಳು. “ಕಾಶಮ್ಮ ಶರಣೆ ಆಗ್ಬಿಟ್ಲು ಕಣ್ರೀ, ಅನ್ನಾನೇ ಬ್ಯಾಡ ಅಂತಾಳೆ” ಅಂತ ಬಾವಿಕಟ್ಟೆಯಲ್ಲಿ ಮಾತು. ನಾನೂ ಜಗಲಿ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ಆ ಮಾತು ಕೇಳಿ ಎದೆ ಉಬ್ಬಿಸಿದೆ. ಮುದುಕನಿಗೆ ಅಡಿಗೆ ತಡವಾಗುತ್ತದೆ ಅನ್ನುವುದೊಂದೇ ಸಿಟ್ಟು. ಇಲ್ಲದಿದ್ದರೆ ಹೆಂಡತಿ ದೊಡ್ಡವಳಾದಳು ಅಂತ ಖುಷಿ.

ಮೊನ್ನೆ ಭಾನುವಾರ ಮಧ್ಯಾಹ್ನ ಹಸಿವು ತಡೆಯಲಾರದೆ ಬೈಯಲೆಂದೇ ಪೂಜೆ ಕೋಣೆಗೆ ನುಗ್ಗಿದೆ. ನಿಮ್ಮವ್ವ ಒದ್ದೆ ಸೀರೆಯಲ್ಲಿ ಕೂತಿದ್ದಾಳೆ. ಎಡಗೈಯನ್ನು ಹಳೆಯ ಪಂಚೆಯ ಚೂರಿನಿಂದ ಸೊಂಟಕ್ಕೆ ಬಿಗಿದು ಕಟ್ಟಿಕೊಂಡಿದ್ದಾಳೆ. ಬೆರಳು ನೀಲಿಗಟ್ಟಿದ್ದವು. ಯಾವುದೋ ವ್ರತ ಅಂದುಕೊಂಡೆ. “ಇದೇನೇ?” ಅಂದೆ. ಅವಳು ನನ್ನ ಮುಖ ನೋಡಿದಳು. ಮಲ್ಲೀ, ಇಷ್ಟು ವರ್ಷದ ಸಂಸಾರದಲ್ಲಿ ಆ ಮುಖ ನಾನು ಕಂಡಿರಲಿಲ್ಲ. ಕಟುಕನ ಮನೆ ಬಾಗಿಲಿನ ಕುರಿಗೆ ಇರುತ್ತದಲ್ಲ, ಅಂಥ ಕಣ್ಣು. “ರೀ, ಎಸಿ ಎಸಿ ಅಂತದೆ ಒಳಗೆ. ಲಿಂಗಾನ ಬಾವಿಗೆ ಎಸಿ ಅಂತದೆ. ನಾನಲ್ಲ ಕಣ್ರೀ ಅನ್ನೋದು, ಆದ್ರೂ ನನ್ ಮನಸೇ ಅಂತದೆ. ಕೈ ಎಲ್ಲಿ ಎಸ್ದ್‌ಬಿಡ್ತದೋ ಅಂತ ಕಟ್ಕಂಡೆ” ಅಂದಳು. ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, “ಜನ ಭಕ್ತಿ ಅಂತಾರೆ. ನಂಗೆ ಭಕ್ತಿ ಇಲ್ಲ ಕಣ್ರೀ, ಬರೀ ಭಯ. ಬಿಡಿಸ್ರೀ ನನ್ನ” ಅಂದಳು. ನಾನು ಬೈಯಲು ಹೋದವನು ಅಲ್ಲೇ ನೆಲಕ್ಕೆ ಕೂತೆ.

ಅಯ್ಯನವರನ್ನೇ ಕರೆದುಕೊಂಡು ಬಂದೆ. ಒಳ್ಳೆಯವರು. “ತಾಯಿ, ಪೂಜೆ ಇಲ್ಲದೆ ಉಣ್ಣು, ಪಾಪ ಬಂದ್ರೆ ನನ್ ತಲೆ ಮ್ಯಾಲಿರಲಿ” ಎಂದರು. ಅವಳು ತಲೆಯಾಡಿಸಿದಳು. ಅವರು ಬೀದಿ ತಿರುಗುವುದರೊಳಗೆ ನನ್ನ ಹಿಡಿದು ಕೇಳಿದಳು, “ಅಯ್ಯನೋರು ಸ್ನಾನ ಮಾಡಿ ಬಂದಿದ್ರೇನ್ರೀ? ನೀವು ನೋಡಿದ್ರಾ?” ಅಂತ. ಅವತ್ತೂ ಉಣ್ಣಲಿಲ್ಲ. ಮಾರನೇ ದಿನ ನಿಶ್ಶಕ್ತಿಗೆ ಇಂಜೆಕ್ಷನ್ ಹಾಕಿಸೋಣ ಅಂತ ಸುಳ್ಳು ಹೇಳಿ ಬಸ್ಸು ಹತ್ತಿಸಿ ಕಡೂರಿಗೆ ಕರೆದುಕೊಂಡು ಹೋದೆ. ಅಲ್ಲಿ ಒಬ್ಬ ಡಾಕ್ಟರು, ಇನ್ನೂ ಮೀಸೆ ಸರಿಯಾಗಿ ಬಂದಿಲ್ಲ. ನಾಡಿ ನೋಡಿದ, ಕೈ ನೋಡಿದ, ಆಮೇಲೆ ನನ್ನನ್ನು ಹೊರಗೆ ಕಳಿಸಿ ಅವಳ ಜೊತೆ ತುಂಬ ಹೊತ್ತು ಮಾತಾಡಿದ. ನನ್ನನ್ನು ಒಳಗೆ ಕರೆದು, ಇದು ಮನಸ್ಸಿನ ಕಾಯಿಲೆ ಅಂದ. ನನಗೆ ಎಲ್ಲಿತ್ತೋ ಸಿಟ್ಟು. “ನಮ್ಮನೇರು ಹುಚ್ಚಿ ಅಲ್ಲ, ಹುಷಾರು, ಮೇಜು ಮುರಿದುಹಾಕ್ತೀನಿ” ಅಂದೆ. ಆ ಹುಡುಗ ಹೆದರಲಿಲ್ಲ. “ಮುರೀರಿ ಯಜಮಾನ್ರೇ, ಆಮೇಲೆ ಕೇಳಿ. ಇದು ಹುಚ್ಚಲ್ಲ, ದೆವ್ವನೂ ಅಲ್ಲ. ಎಷ್ಟೋ ಜನಕ್ಕೆ ಬರುತ್ತೆ. ಒಬ್ಬರು ಬೀಗ ಹಾಕಿದ್ನಾ ಅಂತ ದಿನಾ ಮತ್ತೆ ಮತ್ತೆ ಎಳೆದು ನೋಡ್ತಾರೆ, ಒಬ್ಬರು ಕೈ ತೊಳೀತಾನೇ ಇರ್ತಾರೆ. ನಿಮ್ಮನೇಲಿ ಅದು ಪೂಜೆಗೆ ಹಿಡ್ಕೊಂಡಿದೆ. ಅದಕ್ಕೇ ನಿಮಗೆ ಗೊತ್ತಾಗಲಿಲ್ಲ” ಅಂದ. ಎಸೆದುಬಿಡುತ್ತೇನೆ ಅಂತ ಹೀಗೆ ನಡುಗುವವರು ಎಸೆಯುವುದಿಲ್ಲವಂತೆ. ಅದರ ಮೇಲೆ ಅಷ್ಟು ಜೀವ ಇರುವುದರಿಂದಲೇ ಆ ಹೆದರಿಕೆಯಂತೆ. ಇದಕ್ಕೆ ಮಾತ್ರೆ ಇದೆ, ಮಾತಾಡಿ ಕಲಿಸುವ ರೀತಿಯೂ ಇದೆ, ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ತಡ ಮಾಡಬೇಡಿ, ದೇಹ ತುಂಬ ಸೋತಿದೆ ಅಂತ ಚೀಟಿ ಬರೆದುಕೊಟ್ಟ. ಇನ್ನೊಂದು ಮಾತೂ ಹೇಳಿದ. ಪೂಜೆ ಸರಿ ಆಯ್ತಾ ಅಂತ ಅವಳು ಕೇಳಿದಾಗ ಸರಿ ಆಯ್ತು ಅನ್ನಬೇಡಿ, ಹೂಂ ಅಂದಷ್ಟೂ ಆ ಭಯ ಬಲಿಯುತ್ತದೆ ಅಂತ. ಸುಲಭದ ಮಾತೇನೇ ಅದು? ಅವಳು ನನ್ನ ತೋಳು ಹಿಡಿದು “ಸರಿ ಆಯ್ತೇನ್ರೀ, ಒಂದ್ಸಲ ಹೇಳ್ರೀ” ಅಂತ ಅಳುತ್ತಾಳೆ. ನಾನು ಹಲ್ಲು ಕಚ್ಚಿ ಗೋಡೆ ನೋಡುತ್ತೇನೆ. ಬೈಯುವುದು ಇದಕ್ಕಿಂತ ಸುಲಭವಾಗಿತ್ತು.

ಈಗ ನನ್ನ ಭಯ ಹೇಳುತ್ತೇನೆ. ಭಜನೆ ಮನೆಯ ಸೋಮಶೇಖರಪ್ಪ ನಿನ್ನೆ ಬಂದಿದ್ದ. ಶಿವರಾತ್ರಿಗೆ ನಿಮ್ಮವ್ವನನ್ನು ಮಂಟಪದಲ್ಲಿ ಕೂರಿಸಿ ಪಾದಪೂಜೆ ಮಾಡುತ್ತಾರಂತೆ, ಸುತ್ತಲ ಹಳ್ಳಿಗೆಲ್ಲ ಹೇಳಿಯೂ ಆಗಿದೆಯಂತೆ. ಕಾಯಿಲೆ ಅಂದೆ. ನಕ್ಕ. “ಏನಪ್ಪಾ ದೇವೀರಣ್ಣ, ಮನೇಗೆ ಬಂದ ಭಾಗ್ಯಾನ ಆಸ್ಪತ್ರೆಗೆ ಹಾಕ್ತೀಯಾ? ನಿಂಗೇ ತಲೆ ಕೆಟ್ಟದೆ” ಅಂದ. ನಾನು ದೊಣ್ಣೆ ಎತ್ತಿಕೊಂಡೆ, ಓಡಿದ. ಶಿವರಾತ್ರಿ ದಿನ ಊರೇ ಉಪವಾಸ ಇರುತ್ತದೆ ಮಲ್ಲೀ. ಅವಳು ಉಣ್ಣದೆ ಮಂಟಪದಲ್ಲಿ ಕಣ್ಣು ಮುಚ್ಚಿದರೆ ಯಾರೂ ಎಬ್ಬಿಸುವುದಿಲ್ಲ. ಐಕ್ಯಳಾದಳು ಅಂತ ಶಂಖ ಊದುತ್ತಾರೆ. ಗದ್ದುಗೆ ಕಟ್ಟುತ್ತಾರೆ. ವರ್ಷಕ್ಕೊಮ್ಮೆ ಕಾಯಿ ಒಡೆಯುತ್ತಾರೆ. ನನಗೆ ಗದ್ದುಗೆ ಬೇಡ. ಮಧ್ಯಾಹ್ನಕ್ಕೆ ಬಿಸಿ ರೊಟ್ಟಿ ಹಾಕಿ, ಉಪ್ಪು ಕಮ್ಮಿ ಅಂದರೆ “ನಿಮ್ ನಾಲ್ಗೇಗೆ ಬೆಂಕಿ ಬಿತ್ತು” ಅಂತ ಬೈಯುತ್ತಿದ್ದಳಲ್ಲ, ಆ ಕಾಶಮ್ಮ ಬೇಕು.

ಪಾಪುವಿಗೆ ಮುದ್ದು ಹೇಳು. ಅಳಿಯಂದಿರಿಗೆ ನನ್ನ ಶರಣು ಹೇಳು. ಹೆಣ್ಣು ಕೊಟ್ಟ ಮನೆಗೆ ತೊಂದರೆ ಕೊಡುವವನಲ್ಲ ನಾನು ಅಂತ ಅವರಿಗೆ ಗೊತ್ತು. ನಿಮ್ಮೆಲ್ಲರನ್ನೂ ಆ ಶಿವ ತಣ್ಣಗಿಟ್ಟಿರಲಿ. ಅವನ ಮೇಲೆ ನನಗೇನೂ ಸಿಟ್ಟಿಲ್ಲ, ಇದು ಅವನ ಕೆಲಸ ಅಲ್ಲ ಅಂತ ಡಾಕ್ಟರು ಹೇಳಿದ್ದಾನೆ.

ನಿಮ್ಮಪ್ಪ,
ದೇವೀರಪ್ಪ

ತಾ. ಕ.: ಟ್ರಾಕ್ಟರ್ ಸಾಮಾನಿಗೆ ಹುಬ್ಬಳ್ಳಿಗೆ ಹೊರಟ ಗಿರಿಯಪ್ಪ ಬಾಗಿಲಲ್ಲಿ ನಿಂತು ಗಾಡಿ ಹೋಗ್ತದೆ ಅಂತ ಕೂಗುತ್ತಿದ್ದಾನೆ, ಈ ಕಾಗದ ಅವನ ಕೈಯಲ್ಲೇ ಕಳಿಸುತ್ತೇನೆ. ನಿಮ್ಮವ್ವ ಬೆಂಗಳೂರಿಗೆ ಒಪ್ಪಿದಳು. ಈಗ ಒಪ್ಪಿದಳು, ಒಂದು ಕರಾರಿನ ಮೇಲೆ. ರೈಲಿನ ಕಿಟಕಿಯಿಂದ ಎಲ್ಲಿ ಲಿಂಗ ಕಿತ್ತು ಎಸೆದುಬಿಡುತ್ತೇನೋ, ಬೆಂಗಳೂರು ಮುಟ್ಟುವ ತನಕ ಯಾರಾದರೂ ಎಡಗೈ ಹಿಡಿದುಕೊಂಡಿರಬೇಕು, ಹಾಗಾದರೆ ಕಟ್ಟಿಕೊಳ್ಳದೆ ಬರುತ್ತೇನೆ ಅಂದಿದ್ದಾಳೆ. ಇದಕ್ಕೆ ಡಾಕ್ಟರು ಬೈದರೆ ಬೈಯಲಿ. ಪಂಚೆ ಚೂರು ಬಿಚ್ಚಿ ಒಲೆಗೆ ಹಾಕಿದ್ದೇನೆ. ಆದರೆ ನಾನು ಮುದುಕ, ಗಾಡಿ ತೂಗಿದರೆ ನಿದ್ದೆ ಹತ್ತುತ್ತದೆ, ನಿದ್ದೆಯಲ್ಲಿ ನನ್ನ ಕೈ ಸಡಿಲವಾದರೆ ಅಂತ ಹೆದರಿಕೆ. ಶನಿವಾರದ ಬೆಂಗಳೂರು ಗಾಡಿಗೆ ನೀನು ಹುಬ್ಬಳ್ಳಿಯಲ್ಲೇ ಹತ್ತಿ ಕಿಟಕಿಯಲ್ಲಿ ಕೂತಿರು. ಅಜ್ಜಂಪುರ ಸ್ಟೇಷನ್ನಿನಲ್ಲಿ ಇಡೀ ಊರಿನ ಎದುರಿಗೆ ಒಬ್ಬ ಮುದುಕ ಹೆಂಡತಿಯ ಕೈ ಹಿಡಿದುಕೊಂಡು ನಿಂತಿರುತ್ತಾನೆ, ನಗಬೇಡ. ನಾನು ಹಿಡಿದಿರುತ್ತೇನೆ. ನಾನು ದಣಿದಾಗ ನೀನು ಹಿಡಿ.