ಕರಡಿ ಹತ್ತಿದ ಬಸ್ಸು

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿ ಚಿಕ್ಕಿಯ ನಮಸ್ಕಾರ. ನಿನ್ನ ಕಾಗದಕ್ಕೆ ಇಷ್ಟು ತಡವಾಗಿ ಉತ್ತರ ಬರೆಯುತ್ತಿದ್ದೇನೆ. ಮೊದಲು ಮನಸಾರೆ ಬೈದುಬಿಡು, ಆಮೇಲೆ ಓದು. ಫೋನ್ ಮಾಡಬಹುದಿತ್ತು. ಆದರೆ ನಮ್ಮದು ಎರಡೇ ಕೋಣೆಯ ಮನೆ, ಇವರು ಬಸ್ಸಿನ ಕೆಲಸದಿಂದ ರಿಟೈರ್ ಆದಮೇಲೆ ಇಡೀ ದಿನ ಕಿಟಕಿಯ ಹತ್ತಿರವೇ ಕೂತಿರುತ್ತಾರೆ. ಇವರ ವಿಷಯವನ್ನು ಇವರ ಎದುರಿಗೇ ಹೇಗೆ ಹೇಳಲಿ? ಅದಕ್ಕೇ ಲಾಂಡ್ರಿಯಲ್ಲಿ, ಊಟದ ಬಿಡುವಿನಲ್ಲಿ, ಬೆಡ್‌ಶೀಟಿನ ರಾಶಿಗೆ ಒರಗಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೋ.

ನಿನ್ನ ಮಂಡಿನೋವು ಹೇಗಿದೆ? ಭಾವ ಮೆಟ್ಟಿಲಿಗೆ ಕಂಬಿ ಹಾಕಿಸಿದರಾ, ಇನ್ನೂ "ನಾಳೆ" ಅನ್ನುತ್ತಲೇ ಇದ್ದಾರಾ? ನಾನು ಚೆನ್ನಾಗಿದ್ದೇನೆ. ಅಂದರೆ, ಮೈ ಚೆನ್ನಾಗಿದೆ. ತಲೆ ಮಾತ್ರ ಒಗೆಯುವ ಮಷೀನಿನೊಳಗೆ ಬಿದ್ದ ಹಾಗಾಗಿದೆ.

ನಮ್ಮ ಆಸ್ಪತ್ರೆ ಲಾಂಡ್ರಿಯ ಇಸ್ತ್ರಿ ಮಾಡುವ ಗೆಳತಿಯ ಬಗ್ಗೆ ಬರೆದಿದ್ದೆನಲ್ಲ, ಬಾಯಿಗೆ ಬೀಗವೇ ಇಲ್ಲದವಳು? ಅವಳು ನನ್ನ ಮೊಬೈಲಿಗೆ ಕಥೆಗಳ ಗುಂಪೊಂದನ್ನು ಹಾಕಿಕೊಟ್ಟಿದ್ದಾಳೆ. ಅಲ್ಲಿ ಯಾರು ಬೇಕಾದರೂ ಕಥೆ ಬರೆಯಬಹುದು. ಓದಿದವರು ಕೆಳಗೆ ನಾಲ್ಕು ಮಾತು ಬರೆಯುತ್ತಾರೆ, ಇಷ್ಟವಾದರೆ ಬೇರೆಯವರಿಗೂ ಕಳಿಸುತ್ತಾರೆ. ಯಾರೂ ಸ್ವಂತ ಹೆಸರಿನಲ್ಲಿರುವುದಿಲ್ಲ. ನಾನು ಅಲ್ಲಿ "ಮಡಿಕೆ". ದಿನವಿಡೀ ಬಟ್ಟೆ ಮಡಚುವವಳಿಗೆ ಇನ್ನೇನು ಹೆಸರು! ಬಿಡುವಿನಲ್ಲಿ ಅವಳು ಗಟ್ಟಿಯಾಗಿ ಓದುತ್ತಾಳೆ, ನಾವೆಲ್ಲ ಕೇಳುತ್ತೇವೆ. ಎಷ್ಟು ಅತ್ತಿದ್ದೇವೆ, ಎಷ್ಟು ನಕ್ಕಿದ್ದೇವೆ ಅಂತೀಯ.

ಹೋದ ತಿಂಗಳು "ಕಂಡಕ್ಟರ್" ಎಂಬ ಹೆಸರಿನವಳೊಬ್ಬಳು ಒಂದು ಕಥೆ ಹಾಕಿದ್ದಳು. ಅವಳ ತಾಯಿ ಒಂದು ಊರಿನ ಬಸ್ ಡಿಪೋದಲ್ಲಿ ಕಸ ಗುಡಿಸುತ್ತಿದ್ದಳಂತೆ. ತಂದೆ ಇಲ್ಲ. ಮಗುವನ್ನು ನೋಡಿಕೊಳ್ಳುವವರಿಲ್ಲದೆ ಜೊತೆಗೇ ಕರೆತರುತ್ತಿದ್ದಳು. ದೂರದ ಬಸ್ಸಿನ ಡ್ರೈವರ್ ಒಬ್ಬ ಬಂದಾಗಲೆಲ್ಲ ಬಸ್ಸಿನ ಮೆಟ್ಟಿಲ ಮೇಲೆ ಆ ಮಗುವನ್ನು ಕೂರಿಸಿಕೊಂಡು, "ಏನ್ ಕಂಡಕ್ಟರೇ, ಟಿಕೆಟ್ ಎಲ್ಲಾ ಆಯ್ತಾ?" ಎಂದು ಶುರು ಮಾಡುತ್ತಿದ್ದ. ಬಸ್ಸು ಹತ್ತಿದ ಕರಡಿಯ ಕಥೆ. ಸೀಟು ಸಾಲದೆ ಜಗಳವಾಡುವ ಕರಡಿ, ಕಿಟಕಿ ಬೇಕೆಂದು ಹಟ ಹಿಡಿಯುವ ಕರಡಿ. ಕರಡಿಯ ಗೊರಕೆಯನ್ನು ಅವನು ಬಸ್ಸಿನ ಹಾರ್ನಿನಲ್ಲಿ ಮಾಡಿ ತೋರಿಸುತ್ತಿದ್ದನಂತೆ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಆಗ ಗೆಳತಿ ಓದಿದಳು: "ಅವರು ನೀರು ಕುಡಿಯುವ ಮೊದಲು ಲೋಟಕ್ಕೆ ಊದುತ್ತಿದ್ದರು, ತಣ್ಣೀರಿಗೂ."

ಅಕ್ಕ, ಆ ಸಾಲನ್ನು ಇನ್ನೊಮ್ಮೆ ಓದು ಎಂದೆ ಅವಳಿಗೆ. ತಣ್ಣೀರು ಊದಿ ಕುಡಿಯುವವರು ನನಗೆ ಗೊತ್ತಿರುವ ಮಟ್ಟಿಗೆ ಒಬ್ಬರೇ. ಆದರೆ ಆ ಮನುಷ್ಯನ ಬಾಯಲ್ಲಿ ಕರಡಿಯ ಕಥೆಯೇ? ನೀನೇ ಹೇಳುತ್ತಿದ್ದೆಯಲ್ಲ, "ನಿನ್ನ ಗಂಡನ ಹತ್ತಿರ ಮಾತು ತೆಗೆಯೋದಕ್ಕೆ ಇಕ್ಕಳ ಬೇಕು ಕಣೆ" ಅಂತ.

ಮೊದಲು ನನಗೆ ಏನು ಹೊಳೆದಿರಬಹುದೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ಗಂಡನಿಲ್ಲದ ಹೆಂಗಸು, ಅವಳ ಮಗು, ಇವರು. ಎರಡು ದಿನ ಅನ್ನ ಇಳಿಯಲಿಲ್ಲ. ಕೊನೆಗೆ ಆ ಹುಡುಗಿಗೆ ಯಾರೋ ಓದುಗರ ಹಾಗೆ ಬರೆದೆ: ಆ ಡ್ರೈವರ್ ನಿಮಗೆ ಏನಾಗಬೇಕು? ನಿಮ್ಮ ಮನೆಗೂ ಬರುತ್ತಿದ್ದರಾ?

ಅವಳು ಕೂಡಲೇ ಉತ್ತರಿಸಿದಳು. "ಮನೆಗಾ? ಇಲ್ಲಪ್ಪ. ಅಮ್ಮನ ಹತ್ತಿರ ನೆಟ್ಟಗೆ ಮಾತೂ ಆಡ್ತಿರಲಿಲ್ಲ, ಅಷ್ಟು ಸಂಕೋಚ. ಬಸ್ ಹೊರಡೋ ತನಕ ಕಥೆ ಹೇಳೋರು, ಹೋಗೋರು, ಅಷ್ಟೆ. ಎಡಗೈ ಕಿರುಬೆರಳಿನ ತುದಿ ಇರಲಿಲ್ಲ ಅವರಿಗೆ. ಅದನ್ನ ಕರಡಿಗೆ ಟಿಕೆಟ್ ಅಂತ ಹರಿದುಕೊಟ್ಟೆ ಅಂದಿದ್ರು. ಎಷ್ಟೋ ವರ್ಷ ನಂಬಿದ್ದೆ! ಈಗ ಎಲ್ಲಿದ್ದಾರೋ. ನಿಮಗೇನಾದ್ರೂ ಗೊತ್ತಾ?"

ಅದೇ ಬೆರಳಿನ ಬಗ್ಗೆ ನಮ್ಮ ಮಗಳು ಚಿಕ್ಕವಳಿದ್ದಾಗ ಕೇಳಿದ್ದಳು. "ಬಾನೆಟ್ಟಿಗೆ ಸಿಕ್ಕಿತು, ಹೋಗಿ ಓದ್ಕೋ" ಎಂದಿದ್ದರು ಇವರು.

ನನ್ನ ಸಂಶಯ ನಿಜವಾಗಿದ್ದರೆ ಒಂದು ರೀತಿಯಲ್ಲಿ ಸುಲಭವಿತ್ತು ಕಣೆ. ಕೂಗಾಡಬಹುದಿತ್ತು, ನಿನ್ನ ಮನೆಗೆ ಬಂದುಬಿಡಬಹುದಿತ್ತು. ಇದಕ್ಕೆ ಏನೆಂದು ಕೂಗಾಡಲಿ? ಒಂದು ಮಗುವನ್ನು ನಗಿಸಿದರು ಅಂತಲೇ?

ಮೊನ್ನೆ ಭಾನುವಾರ ಬೆಳಿಗ್ಗೆ ಇವರ ಎದುರು ಕೂತು ಇಡೀ ಕಥೆಯನ್ನು ಓದಿದೆ. ಯಾರದ್ದು, ಏನು, ಯಾವುದನ್ನೂ ಹೇಳಲಿಲ್ಲ. ಇವರು ಕಿಟಕಿಯ ಕಡೆಗೇ ನೋಡುತ್ತಿದ್ದರು. ಗೊರಕೆಯ ಭಾಗ ಬಂದಾಗ ಭುಜ ಅಲುಗಿತು. ನಗುತ್ತಿದ್ದರು, ಅಕ್ಕ! ಓದಿ ಮುಗಿಸಿದ ಮೇಲೆ ನಿಧಾನಕ್ಕೆ ಕೇಳಿದರು:

"ಆ ಮಗು ಇಷ್ಟು ಚೆನ್ನಾಗಿ ಬರೆಯುತ್ತಾ?"

"ಮಗುವಲ್ಲ, ಅವಳಿಗೇ ಈಗ ಮಕ್ಕಳಿರಬೇಕು" ಎಂದೆ. ಆಮೇಲೆ ತಡೆಯಲಾಗಲಿಲ್ಲ. "ನಮಗ್ಯಾಕ್ರೀ ಒಂದು ದಿನವೂ ಹೇಳಲಿಲ್ಲ? ನಮ್ಮ ಮಗಳೂ ಮಗುವೇ ಆಗಿದ್ದಳಲ್ಲ?"

ಎದ್ದು ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ.

"ನಾನು ಬಾಗಿಲು ತೆಗೆಯೋವಾಗ ಒಳಗೆ ನೀವಿಬ್ಬರೂ ನಗ್ತಾ ಇರ್ತಿದ್ರಿ. ಹೊರಗೇ ನಿಂತು ಕೇಳಿಸ್ಕೊಳ್ತಿದ್ದೆ. ಒಳಗೆ ಬಂದ ಕೂಡ್ಲೆ ಸುಮ್ಮನಾಗ್ತಿದ್ರಿ. ಕಥೆ ಎಲ್ಲಿಂದ ಶುರು ಮಾಡಲಿ?"

ಅಪ್ಪ ದಣಿದು ಬಂದಿದ್ದಾರೆ, ಗಲಾಟೆ ಮಾಡಬೇಡ ಎಂದು ಮಗಳ ಬಾಯಿ ಮುಚ್ಚಿಸುತ್ತಿದ್ದವಳು ನಾನೇ. ಇವರಿಗೆ ನೆಮ್ಮದಿ ಸಿಗಲಿ ಅಂತ. ಅದನ್ನು ಇವರಿಗೆ ಹೇಳದೆ ಎದ್ದು ಕಾಫಿಗೆ ನೀರಿಟ್ಟೆ. ಯಾರದ್ದು ತಪ್ಪು ಅಕ್ಕ? ನನ್ನದೇ? ಇವರದೇ? ಯೋಚಿಸಿದಷ್ಟೂ ಗೋಜಲು. ಒಮ್ಮೆ ಇವರ ಮೇಲೆ ಅಯ್ಯೋ ಅನ್ನಿಸುತ್ತದೆ, ಮರುಗಳಿಗೆ ಕೋಪ ಉಕ್ಕುತ್ತದೆ. ಒಂದು ಗುಂಪಿನ ಜನವೆಲ್ಲ ಮೆಚ್ಚಿಕೊಂಡ ಆ ಮನುಷ್ಯನ ಜೊತೆಯೇ ನಾನು ಇಷ್ಟು ವರ್ಷ ಬಾಳಿದೆನಾ, ಇಲ್ಲ ಅವರನ್ನು ಡಿಪೋದಲ್ಲೇ ಬಿಟ್ಟು ಬೇರೆ ಯಾರೋ ಮನೆಗೆ ಬರುತ್ತಿದ್ದರಾ?

ಆಮೇಲೆ, ಆ ಡ್ರೈವರ್ ಈಗ ಎಲ್ಲಿದ್ದಾರೆಂದು ಆ ಹುಡುಗಿ ನನ್ನನ್ನು ಕೇಳಿದ್ದನ್ನು ಹೇಳಿದೆ. ಆಗ ಇವರು ಅಂದರು, "ಚೆನ್ನಾಗಿದ್ದಾರಂತೆ ಅಂತ ಆ ಹುಡುಗಿಗೆ ಬರಿ. ಯಾರು ಏನು ಅಂತ ಬೇಡ." ಹಾಗೆಯೇ ಬರೆದೆ. ಅವಳು ಅಳುವ ಮುಖ, ನಗುವ ಮುಖ ಎರಡನ್ನೂ ಕಳಿಸಿದಳು. ಇವರಿಗೆ ತೋರಿಸಿದೆ. ಮೊಬೈಲನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ಹಿಡಿದಿದ್ದರು.

ಬಿಡುವು ಮುಗಿಯಿತು, ಗೆಳತಿ ಕರೆಯುತ್ತಿದ್ದಾಳೆ. ದೊಡ್ಡ ಶೀಟುಗಳನ್ನು ಒಬ್ಬಳೇ ಮಡಚಲಾಗುವುದಿಲ್ಲ. ಭಾವನಿಗೆ ನಮಸ್ಕಾರ ಹೇಳು. ಮೊಮ್ಮಕ್ಕಳು ನಗುನಗುತ್ತಾ ಬೆಳೆಯಲಿ, ಮನೆ ತುಂಬ ಗಲಾಟೆ ಮಾಡಲಿ, ಯಾರೂ ಸುಮ್ಮನಿರಿಸದಿರಲಿ. ನನ್ನ ತಲೆಯ ಮೇಲೂ ಒಮ್ಮೆ ಅಲ್ಲಿಂದಲೇ ಕೈಯಿಡು.

ನಿನ್ನ ತಂಗಿ,
ಚಿಕ್ಕಿ

ಮ.ವಿ.: ಇದನ್ನು ಬರೆಯುವುದೋ ಬೇಡವೋ ಎಂದು ಮೊದಲಿನಿಂದಲೂ ಒದ್ದಾಡುತ್ತಿದ್ದೇನೆ. ಇವತ್ತು ಬೆಳಿಗ್ಗೆ ಮಗಳು ಮೊಬೈಲಿಗೆ ಒಂದು ಕಥೆ ಕಳಿಸಿದ್ದಾಳೆ. ಅದೇ ಕಥೆ. ಯಾರಿಂದ ಯಾರಿಗೋ ಹೋಗಿ, ಹೇಗೋ ಅವಳನ್ನೂ ತಲುಪಿದೆ. ತಣ್ಣೀರಿಗೆ ಊದುವ ಸಾಲು ಓದಿಯೂ ಆ ಡ್ರೈವರ್ ಯಾರೆಂದು ಅವಳಿಗೆ ಗೊತ್ತಾಗಿಲ್ಲ. ಕೆಳಗೆ ಬರೆದಿದ್ದಾಳೆ: "ಅಮ್ಮಾ, ಓದು. ಬಸ್ಸಲ್ಲಿ ಕೂತು ಅತ್ತುಬಿಟ್ಟೆ. ಹೆತ್ತ ಅಪ್ಪ ಅಲ್ಲದಿದ್ರೂ ಎಂಥಾ ಅಪ್ಪ ಸಿಕ್ಕಿದ್ರು ನೋಡು ಅವಳಿಗೆ. ನಮ್ಮಪ್ಪನಿಗೆ ಮಾತ್ರ ತೋರಿಸಬೇಡ, ಪಾಪ, ನೊಂದ್ಕೋತಾರೆ."