ಎಡಗೈಗೆ ಸಾಕ್ಷಿ

ಭಾನುವಾರ, ಮಧ್ಯಾಹ್ನ

ಗುಬ್ಬಿಗೆ,

ನಿನ್ನ ಅಕ್ಕ ಇನ್ನೂ ಗಟ್ಟಿಯಾಗಿದ್ದಾಳೆ. ಮೊದಲು ಅದನ್ನು ತಿಳಿದುಕೋ, ಆಮೇಲೆ ಬೇಕಾದರೆ ಅಳು. ಗಾಯ ಒಣಗುತ್ತಿದೆ, ಊಟ ಸೇರುತ್ತಿದೆ. ಫೋನಿನಲ್ಲಾದರೆ ನೀನು ಗೊಳೋ ಎನ್ನುತ್ತೀಯ, ನನ್ನ ಮಾತು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಈ ಕಾಗದ. ಸಂಜೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತೇನೆ.

ಗುರುವಾರ ಬೆಳಿಗ್ಗೆ ಪರಿಹಾರದ ಆಫೀಸಿನಲ್ಲಿ ವಿಚಾರಣೆ ಇದೆ, ಬಾ. ಅಲ್ಲಿ ನೀನು ಹೇಳಬೇಕಾದ್ದು ಒಂದೇ ಮಾತು. ನನ್ನ ಅಕ್ಕ ಎಡಚಿ, ಅಷ್ಟೇ.

ಲಾಯರಮ್ಮ ಬಿಡಿಸಿ ಹೇಳಿದಳು. ಪರಿಹಾರ ಎಷ್ಟು ಅನ್ನುವುದು ನಮ್ಮ ನೋವಿನ ಲೆಕ್ಕದಲ್ಲಿ ಇಲ್ಲವಂತೆ. ವಯಸ್ಸು ನೋಡುತ್ತಾರೆ, ಸಂಬಳ ನೋಡುತ್ತಾರೆ, ಮತ್ತೆ ಅದೇ ಕೆಲಸಕ್ಕೆ ಬರುತ್ತಾಳೋ ಇಲ್ಲವೋ ನೋಡುತ್ತಾರೆ. ಹೋದದ್ದು ದುಡಿಯುವ ಕೈಯೋ, ಜೊತೆಗಿರುವ ಕೈಯೋ ಅನ್ನುವುದನ್ನೂ ನೋಡುತ್ತಾರೆ. ನನ್ನ ಮಟ್ಟಿಗೆ ಎಲ್ಲ ನಿಂತಿರುವುದು ಅದರ ಮೇಲೆಯೇ. ಲಾಂಡ್ರಿ ಕಂಪನಿಯ ಡಾಕ್ಟರ್ ಕಾಗದ ಚಾಚಿ ಸಹಿ ಮಾಡು ಎಂದ. ಎಡಗೈ ಬ್ಯಾಂಡೇಜಿನೊಳಗಿತ್ತು, ಇನ್ನೇನು ಹಲ್ಲಿನಲ್ಲಿ ಮಾಡಲೇ? ಬಲಗೈಯಲ್ಲಿ ಮಾಡಿದೆ. ಬ್ಯಾಂಡೇಜ್ ಇಲ್ಲದಿದ್ದರೂ ಬಲಗೈಯಲ್ಲೇ ಮಾಡುತ್ತಿದ್ದೆ, ಅದು ನಿನಗೆ ಗೊತ್ತು. ಅವನು ನನ್ನನ್ನು ಬಲಗೈಯವಳು ಎಂದು ಬರೆದು, ಎಡಗೈಯ ಮೂರು ಬೆರಳು ಹೋದರೂ ದುಡಿಮೆಗೆ ಅಷ್ಟೇನೂ ತೊಂದರೆಯಿಲ್ಲ ಎಂದುಬಿಟ್ಟ.

ಮೇಷ್ಟ್ರು ರೂಲುದೊಣ್ಣೆಯಿಂದ ನನ್ನ ಎಡಗೈ ಗೆಣ್ಣಿಗೆ ಬಾರಿಸುವಾಗ ಅದೇ ಬೆಂಚಿನಲ್ಲಿ ಪಕ್ಕಕ್ಕೆ ಕೂತಿದ್ದವಳು ನೀನು. ಏಟು ನನಗೆ, ಚಡ್ಡಿ ಒದ್ದೆಯಾದದ್ದು ನಿನ್ನದು. ಅಂತೂ ಬಲಗೈಗೆ ಅಕ್ಷರ ಬಂತು, ನಾನು ಶಾಲೆ ಬಿಟ್ಟೆ. ಬಲಗೈಗೆ ಬಂದ ವಿದ್ಯೆ ಅದೊಂದೇ. ಕತ್ತರಿ, ಸೂಜಿ, ಬಾಚಣಿಗೆ, ನಿನ್ನ ಬೆನ್ನಿಗೆ ಗುದ್ದು ಎಲ್ಲವೂ ಎಡಗೈಯದೇ. ಲಾಂಡ್ರಿಯಲ್ಲೂ ಇಸ್ತ್ರಿಯ ಬಿಸಿ ರೋಲರಿಗೆ ಬಟ್ಟೆ ಕೊಡುವಾಗ ಎಲ್ಲರೂ ಈ ತುದಿ, ನಾನು ಆ ತುದಿ. ದುಪ್ಪಟಿಯ ಮೂಲೆಯನ್ನು ನೀವಿ ಒಳಗೆ ತಳ್ಳುತ್ತಿದ್ದದ್ದು ಎಡಗೈ. ರೋಲರ್ ಎಳೆದುಕೊಂಡದ್ದೂ ಅದನ್ನೇ.

ಎದುರಿಗೆ ನಿಂತು ಬಟ್ಟೆ ಹಿಡಿಯುತ್ತಿದ್ದವಳು ಇಷ್ಟು ವರ್ಷ ನನ್ನನ್ನು ಎಡಚಕ್ಕ ಎಂದೇ ಕೂಗಿದವಳು. ಸಾಕ್ಷಿ ಹೇಳು ಎಂದರೆ ನೆಲ ನೋಡಿದಳು. "ಅಕ್ಕಾ, ನಾನು ನಾಳೇನೂ ಆ ಮೆಷಿನ್ ಮುಂದೆ ನಿಲ್ಲಬೇಕಲ್ಲ" ಎಂದಳು. ಹಾಗಾಗಿ ಉಳಿದವಳು ನೀನೊಬ್ಬಳೇ.

ಕಂಪನಿಯ ಗುಮಾಸ್ತ ದಿನಾ ಮನೆಗೆ ಬರುತ್ತಾನೆ. ರಾಜಿ ಕಾಗದ ಮೇಜಿನ ಮೇಲಿಟ್ಟು, ಪೆನ್ನಿನ ಮುಚ್ಚಳ ತಾನೇ ತೆಗೆದು ಪಕ್ಕಕ್ಕಿಡುತ್ತಾನೆ. "ಗುರುವಾರದವರೆಗೆ ಕಾಯೋದು ಯಾಕಮ್ಮ? ಅಷ್ಟು ಜನರ ಮುಂದೆ ನಿಮಗೆ ಮಾತು ಬರುತ್ತಾ?" ಅನ್ನುತ್ತಾನೆ. ಗದರಿಸಿದ್ದರೆ ಉಗಿದು ಕಳಿಸುತ್ತಿದ್ದೆ. ಇವನು ಬೆಣ್ಣೆಯಂತೆ ಮಾತಾಡುತ್ತಾನೆ. ಮೆಟ್ಟಿಲ ಮೇಲೆ ಯಾರ ಹೆಜ್ಜೆ ಕೇಳಿದರೂ ಒಲೆ ಆರಿಸಿ ಉಸಿರು ಬಿಗಿಹಿಡಿದು ಕೂರುತ್ತೇನೆ. ಹಿಂದೊಮ್ಮೆ ಲಾಂಡ್ರಿ ಮೇಸ್ತ್ರಿಯ ಕೊರಳಪಟ್ಟಿಯನ್ನೇ ಹಿಡಿದಿದ್ದ ನನಗೆ ಬಂದ ಗತಿ ನೋಡು.

ಮೊನ್ನೆ ಪಕ್ಕದ ಮನೆಯವಳು ನನ್ನನ್ನು ಪರೀಕ್ಷೆ ಮಾಡಿದಳು. ಹೇಳದೆ ಕೇಳದೆ ಬೀಗದ ಕೈ ಎಸೆದಳು. ಬ್ಯಾಂಡೇಜ್ ಸುತ್ತಿದ ಕೈಯೇ ಮುಂದೆ ಹೋಯಿತು. ನೋವಿಗೆ ಕಣ್ಣಿಗೆ ಕತ್ತಲೆ ಬಂತು, ಆದರೂ ಖುಷಿಯಾಯಿತು. ಆಮೇಲೆ ಅವಳು ಸಾಹೇಬನ ಹಾಗೆ ಕುರ್ಚಿಯಲ್ಲಿ ಬೀಗಿ ಕೂತು ಪೆನ್ನು ಚಾಚಿದಳು. ಬಲಗೈ ತಾನಾಗಿಯೇ ಎದ್ದು ಹೋಯಿತು. ಅವಳು ನಕ್ಕಳು, ನಾನು ಪೆನ್ನನ್ನು ಅಲ್ಲೇ ಬಿಸಾಕಿದೆ. ಕುರ್ಚಿಯಲ್ಲಿ ಕೂತವರು ಏನು ಹೇಳಿದರೂ ಕೇಳುವ ಕೈ ಅದು.

ಇದನ್ನು ಯಾರಿಗೂ ತೋರಿಸಬೇಡ. ಇದೂ ಬಲಗೈ ಬರಹವೇ, ಕಂಪನಿಯವರಿಗೆ ಸಿಕ್ಕಿದರೆ ಮುಗಿಯಿತು ನನ್ನ ಕಥೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರು, ವಾಂತಿ ಮಾಡಿಕೊಂಡು ಬರಬೇಡ.

ನಿನ್ನ ದಾರಿ ನೋಡುತ್ತಿರುವ
ಅಕ್ಕ

ತಾ.ಕ.: ಗಾಯ ಒಣಗುತ್ತಿದೆ ಎಂದದ್ದು ಸುಳ್ಳು. ನಿನ್ನೆ ಪಟ್ಟಿ ಬಿಚ್ಚಿದ ನರ್ಸು ಮುಖ ತಿರುಗಿಸಿಕೊಂಡಳು. ಉಳಿದ ಬೆರಳುಗಳೂ ಕಪ್ಪಾಗುತ್ತಿವೆ. ಮಣಿಕಟ್ಟಿನವರೆಗೆ ತೆಗೆಯಬೇಕಾದೀತು ಎಂದರು ಆಸ್ಪತ್ರೆಯ ದೊಡ್ಡ ಡಾಕ್ಟರು. ಅದಕ್ಕೆ ಮೊದಲೇ ರಾಜಿಗೆ ಸಹಿ ಬಿದ್ದರೆ ಮುಂದಿನ ಖರ್ಚು, ನಷ್ಟ ಎಲ್ಲ ನನ್ನ ತಲೆಗೆ. ಗುಮಾಸ್ತನ ಅವಸರ ಅದೇ. ಗುರುವಾರದವರೆಗೆ ಕಾಯಬೇಡ ಗುಬ್ಬಿ, ಕಾಗದ ಸಿಕ್ಕಿದ ಕೂಡಲೇ ಹೊರಡು. ಅವನು ಬರುವ ಹೊತ್ತಿಗೆ ನನ್ನ ಬಲಗಡೆ ಕೂತು ಆ ಕೈ ಹಿಡಿದುಕೋ. ನಾನು ಬೈದರೂ ಬಿಡಬೇಡ.